ಹಿಮದ ಹಾದಿಗೆ ವಿಮೆ: ಯಾವುದು, ಏತಕ್ಕಾಗಿ?

ಬೆಳಗಾವಿಯ ಉತ್ತರಕ್ಕೆ, ಹೆದ್ದಾರಿಯ ಮಗ್ಗುಲಲ್ಲಿ, ಗುಡ್ಡದ ಬುಡಕ್ಕೆ ಇರುವ ಕಾಕತಿಯು ಕಿತ್ತೂರು ರಾಣಿ ಚೆನ್ನಮ್ಮನ ಹುಟ್ಟೂರು. ಅಲ್ಲಿಯ ತರುಣನಿಗೆ ಗುಡ್ಡ ಹತ್ತುವುದು ಹೊಸತಲ್ಲ. ಖಾನಾಪುರದ ಕಡೆಯ ಕಣಕುಂಬಿ, ಜಾಂಬೋಟಿಗಳ ಮಳೆಯನ್ನು ಕಂಡವನಿಗೆ ನೀರಿನ ಆರ್ಭಟವೂ ಹೊಸತಲ್ಲ. ಹಿಮ ಮಾತ್ರ ನಮ್ಮ ಸೀಮೆಗೆ ಪರಕೀಯವಾದ ವಸ್ತು. ಆದುದರಿಂದ, ಕಾಲಿಗೆ ಉದ್ದನೆಯ ಪಟ್ಟಿಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀಯಿಂಗ್ ಆಟವು ನಮ್ಮ ಕಾಲೇಜು ವಿದ್ಯಾರ್ಥಿಗಳನ್ನು ಸೆಳೆದರೆ ಆಶ್ಚರ್ಯವಿಲ್ಲ. ಇದನ್ನು ಹಿಮಜಾರಾಟವೆಂದು ಕರೆಯೋಣ. ಉತ್ತರಾಖಂಡದ ಔಲಿಯಲ್ಲಿಯೂ ಕಾಶ್ಮೀರದ ಗುಲ್ಮಾರ್ಗದಲ್ಲಿಯೂ ಚಳಿಗಾಲದಲ್ಲಿ ಇದರ ಶಿಕ್ಷಣ ವರ್ಗಗಳು ನಡೆಯುತ್ತವೆ. ಹೋಗಬೇಕೆ, ಬೇಡವೆ ಎಂಬುದು ಈ ಲೇಖನದ ಪ್ರಶ್ನೆಯಲ್ಲ. ಹೋಗಲಿ ಎಂದೇ ನಮ್ಮ ಅಭಿಪ್ರಾಯ. ಹೋಗುವವನು ಯಾವ ವಿಮೆಯನ್ನು ಕೈಯಲ್ಲಿ ಹಿಡಿದು ಹೋಗಬೇಕು ಎಂಬುದನ್ನಷ್ಟೇ ಇಲ್ಲಿ ವಿಚಾರಿಸೋಣ.

“ನನ್ನ ವಿಮೆ ಆಗಿಯೇ ಇದೆ” ಎಂದು ಹೇಳುವವರುಂಟು. ರೈಲಿನ ಟಿಕೀಟನ್ನು ಗಣಕದ ಮೂಲಕ ಕೊಳ್ಳುವಾಗ ಬಯಸಿದವರಿಗೆ ದೊರೆಯುವ ಪ್ರವಾಸವಿಮೆಯನ್ನು ಅವರು ನೆನೆಯುತ್ತಿರುತ್ತಾರೆ. 2024ರಲ್ಲಿ ಇದರ ಕಂತು ಒಬ್ಬನಿಗೆ 45 ಪೈಸೆ. ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ, ಗಾಯಗೊಂಡು ಆಸ್ಪತ್ರೆ ಸೇರಿದರೆ 2 ಲಕ್ಷದವರೆಗೆ ವೆಚ್ಚ. ಅಗ್ಗವೇ ಹೌದು, ಒಳ್ಳೆಯದೂ ಹೌದು. ಆದರೆ ಅದು ರೈಲಿನ ಅಪಘಾತಕ್ಕೆ ಮಾಡಿದ ವಿಮೆ. ಲೋಂಡಾ, ಬೆಳಗಾವಿಗಳ ಮೇಲೆ ಹಾಯ್ದು ದಿಲ್ಲಿಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ಸಿನಿಂದ ಇಳಿದೊಡನೆ ಅದರ ಕೆಲಸ ಮುಗಿಯಿತು. ಬೆಟ್ಟದ ರಸ್ತೆಗಾಗಲಿ ಹಿಮದ ಇಳಿಜಾರಿಗಾಗಲಿ ಅದು ಬರಲಾರದು. ನಮ್ಮ ವಿದ್ಯಾರ್ಥಿಯ ನಿಜವಾದ ಅಪಾಯವಾದರೋ ಅಲ್ಲಿಂದ ಮುಂದೆಯೇ ಆರಂಭವಾಗುತ್ತದೆ.

45 ಪೈಸೆಗೆ 10 ಲಕ್ಷವನ್ನು ಕೊಡುವುದು ಹೇಗೆ ಸಾಧ್ಯ? ಒಬ್ಬ ಪ್ರಯಾಣಿಕನ ಗತಿಯನ್ನು ಮುಂದಾಗಿ ಹೇಳಬಲ್ಲವರಿಲ್ಲ. ಲಕ್ಷ ಲಕ್ಷ ಪ್ರಯಾಣಿಕರಲ್ಲಿ ಎಷ್ಟು ಜನರಿಗೆ ಅಪಘಾತವಾದೀತೆಂಬುದನ್ನು ಹಿಂದಿನ ಅನುಭವದಿಂದ ಸಾಕಷ್ಟು ನಿಖರವಾಗಿ ಹೇಳಬಹುದು. ಸಂಖ್ಯೆ ದೊಡ್ಡದಾದಷ್ಟೂ ಸರಾಸರಿ ಸ್ಥಿರವಾಗುತ್ತದೆ ಎಂಬ ಈ ತತ್ತ್ವವನ್ನು ಸ್ವಿಟ್ಜರ್ಲೆಂಡಿನ ಗಣಿತಜ್ಞ ಯಾಕೋಬ್ ಬರ್ನೂಲಿ ಸಿದ್ಧಪಡಿಸಿದನು. ಅವನ ಗ್ರಂಥವು 1713ರಲ್ಲಿ, ಅವನು ತೀರಿಕೊಂಡ ಬಳಿಕ, ಪ್ರಕಟವಾಯಿತು. ವಿಮೆಯ ಅಸ್ತಿಭಾರವೇ ಇದು. ಕಂಪನಿಯು ಸರಾಸರಿ ನಷ್ಟವನ್ನು ಎಣಿಸಿ, ಅದರ ಮೇಲೆ ತನ್ನ ಖರ್ಚನ್ನೂ ಲಾಭವನ್ನೂ ಸೇರಿಸಿ ಕಂತನ್ನು ಗೊತ್ತುಮಾಡುತ್ತದೆ.

ಹಾಗಾದರೆ ಚುರುಕಾದ ವಿದ್ಯಾರ್ಥಿ ಕೇಳಬಹುದು: ಸರಾಸರಿ ನಷ್ಟಕ್ಕಿಂತ ಹೆಚ್ಚು ಕಂತು ಕೊಡುವವನು ಮೂಢನಲ್ಲವೆ? ಈ ಪ್ರಶ್ನೆಗೆ ಯಾಕೋಬನ ತಮ್ಮನ ಮಗನಾದ ಡೇನಿಯಲ್ ಬರ್ನೂಲಿ 1738ರಲ್ಲಿಯೇ ಉತ್ತರ ಕೊಟ್ಟಿದ್ದಾನೆ. ಪೀಟರ್ಸ್‌ಬರ್ಗಿನ ಒಬ್ಬ ವ್ಯಾಪಾರಿ ಆಮ್‌ಸ್ಟರ್‌ಡ್ಯಾಮಿನಿಂದ ಹಡಗಿನಲ್ಲಿ ಸರಕು ತರಿಸುತ್ತಾನೆ. ಊರು ಮುಟ್ಟಿದರೆ ಅದರ ಬೆಲೆ 10,000 ರೂಬಲ್. ಆ ಹಾದಿಯಲ್ಲಿ ನೂರಕ್ಕೆ ಐದು ಹಡಗು ಮುಳುಗುತ್ತವೆ. ಅಂದಮೇಲೆ ಸರಾಸರಿ ನಷ್ಟ 500 ರೂಬಲ್. ವಿಮೆಗಾರ ಕೇಳುವುದು 800. ಕೊಡಬೇಕೆ? ಡೇನಿಯಲ್ಲನ ಉತ್ತರ: ಅದು ವ್ಯಾಪಾರಿಯ ಮನೆಯಲ್ಲಿ ಇನ್ನೆಷ್ಟು ಹಣವಿದೆ ಎಂಬುದರ ಮೇಲೆ ನಿಂತಿದೆ. ಸಿರಿವಂತನಿಗೆ ಒಂದು ರೂಬಲ್ ಹೋದರೆ ಏನೂ ಅಲ್ಲ, ಬಡವನಿಗೆ ಅದೇ ಒಂದು ಊಟ. ಹಣದ ಬೆಲೆ ಇದ್ದ ಹಣಕ್ಕೆ ವಿಲೋಮವಾಗಿ ಇಳಿಯುತ್ತದೆಂದು ಹಿಡಿದು ಲೆಕ್ಕ ಹಾಕಿದರೆ, ಉಳಿದ ಆಸ್ತಿ 5,043 ರೂಬಲಿಗಿಂತ ಕಡಿಮೆಯಿದ್ದವನು 800 ಕೊಟ್ಟು ವಿಮೆ ಮಾಡಿಸುವುದೇ ಜಾಣತನ. ಹೆಚ್ಚಿದ್ದವನು ಮಾಡಿಸದಿದ್ದರೂ ನಡೆದೀತು. ಲಾಗರಿದಮ್ ಬಲ್ಲ ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಈ ಹಳೆಯ ಲೆಕ್ಕದಲ್ಲಿ ನಮಗೆ ಬೇಕಾದ ಸೂತ್ರವಿದೆ: ತಾಳಿಕೊಳ್ಳಬಹುದಾದ ನಷ್ಟಕ್ಕೆ ವಿಮೆ ಬೇಡ, ತಾಳಿಕೊಳ್ಳಲಾಗದ ನಷ್ಟಕ್ಕೆ ವಿಮೆ ಬಿಡಬೇಡ. ದುರ್ದೈವದಿಂದ ಜನರು ಇದಕ್ಕೆ ವಿರುದ್ಧವಾಗಿ ನಡೆಯುತ್ತಾರೆ. ಪೆಟ್ಟಿಗೆ ಕಳೆದರೆ ಎಷ್ಟು ಕೊಡುತ್ತಾರೆ, ಗಾಡಿ ತಡವಾದರೆ ಎಷ್ಟು ಕೊಡುತ್ತಾರೆ ಎಂದು ಮೊದಲು ಕೇಳುತ್ತಾರೆ. ಪೆಟ್ಟಿಗೆ ಹೋದರೆ ಒಂದು ಕೋಟು ಹೋಯಿತು, ಎರಡು ಜೊತೆ ಬಟ್ಟೆ ಹೋಯಿತು, ಮನೆ ಮುಳುಗಲಿಲ್ಲ. ಮೊಣಕಾಲಿನ ಕಟ್ಟು ಹರಿದು ಶಸ್ತ್ರಕ್ರಿಯೆಯಾಗಿ, ಮಗ ಆರು ತಿಂಗಳು ಕುಳಿತನೆಂದರೆ, ರೈತನ ಮನೆಯ ಒಂದು ವರ್ಷದ ಕಬ್ಬಿನ ಬಿಲ್ಲೇ ಕರಗಿಹೋದೀತು. ಬೆನ್ನುಹುರಿಗೆ ಪೆಟ್ಟಾದರೆ ಹೊಲವೂ ಉಳಿಯಲಿಕ್ಕಿಲ್ಲ. ವಿಮೆಯನ್ನು ಆರಿಸುವವನು ಈ ದೊಡ್ಡ ನಷ್ಟದಿಂದ ಆರಂಭಿಸಿ ಕೆಳಗಿಳಿಯಬೇಕು, ಪೆಟ್ಟಿಗೆಯಿಂದ ಮೇಲೇರಬಾರದು.

ಇನ್ನು ಹಿಮದ ಮೇಲಿನ ಅಪಾಯಗಳ ಸ್ವರೂಪವನ್ನು ನೋಡೋಣ. ಪಾಶ್ಚಾತ್ಯ ದೇಶಗಳ ಅನುಭವದಂತೆ, ಆಟಗಾರರ ಸಾವಿರ ದಿನಗಳ ಆಟಕ್ಕೆ ಸುಮಾರು ಎರಡರಿಂದ ಮೂರು ಗಾಯಗಳು. ಒಬ್ಬನು ಒಂದು ದಿನ ಆಡಿದರೆ ಒಂದು ದಿನದ ಆಟ ಎಂದು ಎಣಿಕೆ. ಏಳು ದಿನಗಳ ವರ್ಗದಲ್ಲಿ 50 ಜನರಿದ್ದರೆ 350 ದಿನಗಳ ಆಟ. ಅಂದರೆ ಒಂದು ವರ್ಗಕ್ಕೆ ಸುಮಾರು ಒಬ್ಬನಿಗೆ ಗಾಯ. ಹೊಸಬರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಗಾಯಗಳಲ್ಲಿ ಸುಮಾರು ಮೂರರಲ್ಲಿ ಒಂದು ಮೊಣಕಾಲಿಗೆ. ಕಾರಣ ಸರಳವಾದ ಯಂತ್ರಶಾಸ್ತ್ರ: ಕಾಲಿಗೆ ಬಿಗಿದ ಉದ್ದನೆಯ ಪಟ್ಟಿಯು ಒಂದು ಸನ್ನೆಕೋಲು. ಅದರ ತುದಿ ಹಿಮದಲ್ಲಿ ಸಿಕ್ಕಿ ದೇಹವು ಮುಂದಕ್ಕೆ ತಿರುಗಿದರೆ ಆ ತಿರುಚುಬಲವೆಲ್ಲ ಮೊಣಕಾಲಿನ ಮೇಲೆ ಬೀಳುತ್ತದೆ.

ಎರಡನೆಯದು ಎತ್ತರ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಔಲಿಯ ಇಳಿಜಾರುಗಳು ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿವೆ; ಅಲ್ಲಿ ವಾಯುಭಾರವು ಸಮುದ್ರಮಟ್ಟದ ಭಾರದ ನೂರಕ್ಕೆ 70ರಷ್ಟಾಗಿರುತ್ತದೆ. ಒಂದೊಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅಷ್ಟೇ ಕಡಿಮೆ. ತಲೆನೋವು, ವಾಕರಿಕೆ, ನಿದ್ರಾಭಂಗಗಳು ಸುಮಾರು 2,500 ಮೀಟರಿನಿಂದಲೇ ಕಾಣಿಸಿಕೊಳ್ಳಬಹುದು. ಉಲ್ಬಣಿಸಿದರೆ ಅದಕ್ಕೆ ಮುಖ್ಯ ಚಿಕಿತ್ಸೆಯೇ ಕೆಳಗಿಳಿಸುವುದು. ಇಳಿಸಲು ಹೊತ್ತೊಯ್ಯುವ ಜನ, ಗಾಡಿ, ಕೆಲವೊಮ್ಮೆ ಹೆಲಿಕಾಪ್ಟರು ಬೇಕಾದೀತು. ಈ ವೆಚ್ಚವನ್ನು ಕೊಡದ ವಿಮಾಪತ್ರವು ಹಿಮಜಾರಾಟಕ್ಕೆ ಅರ್ಧ ವಿಮೆಯೆಂದೇ ಹೇಳಬೇಕು.

ಹೀಗೆ ಬೇಕಾದುದನ್ನು ತಿಳಿದ ಮೇಲೆ ಪತ್ರವನ್ನು ಓದಬೇಕು. ವಿಮಾಪತ್ರದ ಹೃದಯವಿರುವುದು ‘ಕೊಡುತ್ತೇವೆ’ ಎಂಬ ಪುಟದಲ್ಲಿ ಅಲ್ಲ, ‘ಕೊಡುವುದಿಲ್ಲ’ ಎಂಬ ಪುಟದಲ್ಲಿ. ಅಲ್ಲಿ ಒಂದೇ ಶಬ್ದ ಲಕ್ಷ ರೂಪಾಯಿ ಬಾಳುತ್ತದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2019ರಲ್ಲಿ ಆರೋಗ್ಯವಿಮೆಯ ಇಂತಹ ಕಲಮುಗಳ ಮಾತನ್ನು ಏಕರೂಪಗೊಳಿಸಿತು. ಅದರಂತೆ, ಅಪಾಯಕರ ಸಾಹಸಕ್ರೀಡೆಗಳಲ್ಲಿ ‘ವೃತ್ತಿಪರನಾಗಿ’ ಭಾಗವಹಿಸಿದವನ ಚಿಕಿತ್ಸೆಯ ವೆಚ್ಚವನ್ನು ಕಂಪನಿ ಹೊರಗಿಡಬಹುದು. ಏಳು ದಿನ ಕಲಿಯಲು ಹೋದ ವಿದ್ಯಾರ್ಥಿ ವೃತ್ತಿಪರನಲ್ಲ. ಆದುದರಿಂದ ಮನೆಯಲ್ಲಿ ಈಗಾಗಲೇ ಇರುವ ಆರೋಗ್ಯವಿಮೆಯೇ ಅವನ ಆಸ್ಪತ್ರೆಯ ವೆಚ್ಚಕ್ಕೆ ಒದಗಬಹುದು. ಹೊಸತನ್ನು ಕೊಳ್ಳುವ ಮೊದಲು ಅದನ್ನು ತೆಗೆದು ಓದತಕ್ಕದ್ದು. ಆದರೆ ಪ್ರವಾಸವಿಮೆಯ ಅನೇಕ ಪತ್ರಗಳಲ್ಲಿ ‘ವೃತ್ತಿಪರ’ ಎಂಬ ಶಬ್ದವೇ ಇರುವುದಿಲ್ಲ. ಅಲ್ಲಿ ಸಾಹಸಕ್ರೀಡೆಯೆಂದರೆ ಸಾರಾಸಗಟಾಗಿ ಹೊರಗೆ. ಹೆಚ್ಚಿನ ಕಂತು ಕೊಟ್ಟು ಸೇರಿಸಿಕೊಂಡರೆ ಮಾತ್ರ ಒಳಗೆ. ಹಾಗೆ ಸೇರಿಸಿದಾಗಲೂ ಗುರುತು ಮಾಡಿದ ಇಳಿಜಾರಿನಲ್ಲಿ ಮಾತ್ರ, ಶಿಕ್ಷಕನ ಮೇಲ್ವಿಚಾರಣೆಯಲ್ಲಿ ಮಾತ್ರ, ಇಂತಿಷ್ಟು ಎತ್ತರದವರೆಗೆ ಮಾತ್ರ ಎಂಬ ನಿಬಂಧನೆಗಳಿರಬಹುದು. ಕುಡಿದು ಜಾರಿದವನಿಗೆ ಎಲ್ಲಿಯೂ ಪರಿಹಾರ ದೊರೆಯುವುದು ಕಷ್ಟ.

ವಿದೇಶಕ್ಕೆ ಹೋಗಿರುವ ನಮ್ಮ ವಿದ್ಯಾರ್ಥಿಗಳೂ ಈ ಮಾತನ್ನು ಗಮನಿಸಬೇಕು. ಯುರೋಪಿನ ಷೆಂಗೆನ್ ದೇಶಗಳ ಅಲ್ಪಾವಧಿಯ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸವಿಮೆ ಕಡ್ಡಾಯವಷ್ಟೆ. ವೀಸಾ ದೊರೆತೊಡನೆ ವಿಮೆ ಸರಿಯಾಗಿದೆಯೆಂದು ತಿಳಿಯುವುದು ಸಹಜ. ಆದರೆ ಅದು ವೀಸಾ ಅಧಿಕಾರಿಯ ಪ್ರಶ್ನೆಗೆ ಉತ್ತರ. ಆಲ್ಪ್ಸ್ ಪರ್ವತದ ಇಳಿಜಾರು ಕೇಳುವ ಪ್ರಶ್ನೆ ಬೇರೆ. ಅಲ್ಲಿ ಜಾರುವಾಗ ಇನ್ನೊಬ್ಬನಿಗೆ ಡಿಕ್ಕಿ ಹೊಡೆದು ಗಾಯಪಡಿಸಿದರೆ ಅವನಿಗೆ ಕೊಡಬೇಕಾದ ಪರಿಹಾರವೂ ದೊಡ್ಡ ಮೊತ್ತವಾದೀತು. ಪತ್ರದಲ್ಲಿ ಅದಕ್ಕೆ ಸ್ಥಳವಿದೆಯೇ ಎಂದು ನೋಡಿಕೊಳ್ಳಬೇಕು.

ವಿಮೆಯನ್ನು ಯಾವಾಗ ಕೊಳ್ಳಬೇಕೆಂಬುದೂ ಮುಖ್ಯ. 2023ರ ಜನವರಿಯಲ್ಲಿ, ಔಲಿಯ ಬುಡದಲ್ಲಿರುವ ಜೋಶಿಮಠದಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು. ಔಲಿಗೆ ಏರುವ ತೂಗುಹಗ್ಗದ ದಾರಿಯನ್ನು ನಿಲ್ಲಿಸಬೇಕಾಯಿತು. ಇಂತಹ ಸುದ್ದಿ ಎಲ್ಲರಿಗೂ ತಿಳಿದ ಮೇಲೆ ಕೊಂಡ ವಿಮೆಯು ಪ್ರವಾಸ ರದ್ದಾದ ನಷ್ಟಕ್ಕೆ ಒದಗಲಾರದು. ವಿಮೆ ಇರುವುದು ಅನಿರೀಕ್ಷಿತಕ್ಕೆ, ನಡೆದುಹೋದುದಕ್ಕಲ್ಲ. ಮುಂಗಡ ಹಣ ಕಟ್ಟಿದ ದಿನವೇ ವಿಮೆಯನ್ನೂ ಕೊಳ್ಳುವುದು ಮೇಲು.

ಇಷ್ಟೆಲ್ಲ ಕೇಳಿದ ಹಿರಿಯರು ಎರಡು ಆಕ್ಷೇಪಗಳನ್ನು ಎತ್ತಬಹುದು. “ಏನೂ ಆಗದಿದ್ದರೆ ಕಂತಿನ ಹಣ ವ್ಯರ್ಥ” ಎಂಬುದು ಮೊದಲನೆಯದು. ಏನೂ ಆಗದಿರುವುದೇ ನಮ್ಮ ಪ್ರಾರ್ಥನೆಯಲ್ಲವೆ? ಆ ಕಂತು, ಬಿದ್ದ ಬೇರೊಬ್ಬನ ಮಗನನ್ನು ಎತ್ತಲು ಹೋಯಿತು. ನಮ್ಮವನು ಬಿದ್ದಿದ್ದರೆ ಬೇರೊಬ್ಬರ ಕಂತು ಬರುತ್ತಿತ್ತು. “ವಿಮೆಯಿದ್ದವನು ಎಚ್ಚರಗೆಡುತ್ತಾನೆ” ಎಂಬುದು ಎರಡನೆಯದು. ಈ ಮಾತಿನಲ್ಲಿ ಹುರುಳಿದೆ, ವಿಮಾಶಾಸ್ತ್ರವೇ ಇದನ್ನು ಒಪ್ಪುತ್ತದೆ. ಅದಕ್ಕಾಗಿಯೇ ನಷ್ಟದ ಒಂದು ಪಾಲನ್ನು ವಿಮೆ ಮಾಡಿಸಿದವನೇ ಹೊರಬೇಕೆಂಬ ನಿಯಮ ಹಲವು ಪತ್ರಗಳಲ್ಲಿರುತ್ತದೆ.

ಎಚ್ಚರದ ಮಾತು ಬಂದಾಗ 2024ರ ಜೂನ್ ತಿಂಗಳನ್ನು ಕನ್ನಡಿಗರು ಮರೆಯಲಾರರು. ಉತ್ತರಾಖಂಡದ ಸಹಸ್ರತಾಲ್ ಸರೋವರದ ಚಾರಣಕ್ಕೆ ಹೋಗಿದ್ದ 22 ಜನರ ತಂಡವು ಹಿಮಗಾಳಿಗೆ ಸಿಕ್ಕಿತು. ತಂಡದಲ್ಲಿ ಬಹುಪಾಲು ಕರ್ನಾಟಕದವರು. ಒಂಬತ್ತು ಜನ ಅಸುನೀಗಿದರು. ಹದಿಮೂರು ಜನ ಬದುಕಿ ಬಂದರು. ವಾಯುಸೇನೆಯ ಹೆಲಿಕಾಪ್ಟರುಗಳು ಪರಿಹಾರಕಾರ್ಯಕ್ಕೆ ಧಾವಿಸಿದವು. ಯಾವ ವಿಮಾಪತ್ರವೂ ಗಾಳಿಯನ್ನು ತಡೆಯಲಾರದು, ಹೋದ ಜೀವವನ್ನು ತರಲಾರದು. ಹವಾಮಾನದ ಮುನ್ಸೂಚನೆ, ತಕ್ಕ ಉಡುಪು, ಅನುಭವಿ ಮಾರ್ಗದರ್ಶಕ, ‘ಇಂದು ಬೇಡ’ ಎನ್ನುವ ವಿವೇಕ ಇವು ಮೊದಲು, ವಿಮೆ ಆಮೇಲೆ. ಅಂತೆಯೇ, ದೊಡ್ಡ ದುರಂತಕ್ಕೆ ಸರಕಾರ ಓಡಿ ಬಂದೀತೇ ಹೊರತು ಮುರಿದ ಪ್ರತಿಯೊಂದು ಮೊಣಕಾಲಿಗೂ ವಾಯುಸೇನೆ ಬಾರದು. ಆ ಮೊಣಕಾಲಿನ ಭಾರವನ್ನು ಮನೆಯವರೇ ಹೊರಬೇಕು. ಅವರ ಬೆನ್ನಿಗೆ ನಿಲ್ಲಬೇಕಾದುದು ವಿಮೆ.

ಆಚರಣೆಗೆ ತರುವುದು ಕಠಿಣವಲ್ಲ. ಅರ್ಜಿಯಲ್ಲಿ ಹಿಮಜಾರಾಟಕ್ಕೆ ಹೋಗುತ್ತಿರುವುದನ್ನೂ ಹಿಂದಿನ ಕಾಯಿಲೆಗಳನ್ನೂ ಮುಚ್ಚಿಡದೆ ಬರೆಯಬೇಕು. ಮುಚ್ಚಿಟ್ಟ ಸಂಗತಿ ಪರಿಹಾರ ಕೇಳುವ ದಿನ ಹೊರಬೀಳುತ್ತದೆ. ಹಿಮಜಾರಾಟ ಸೇರಿದೆಯೆ, ಕೆಳಗಿಳಿಸುವ ವೆಚ್ಚ ಸೇರಿದೆಯೆ, ಅಂಗವೈಕಲ್ಯಕ್ಕೆ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಏಜೆಂಟನ ಬಾಯಿಮಾತನ್ನು ನಂಬದೆ ಕಂಪನಿಯಿಂದ ಬರಹದಲ್ಲಿಯೇ ಉತ್ತರ ಪಡೆಯಬೇಕು. 2024ರ ಜನವರಿ 1ರಿಂದ, ಆರೋಗ್ಯವಿಮೆಯ ಮುಖ್ಯಾಂಶಗಳನ್ನು ಸರಳವಾಗಿ ತಿಳಿಸುವ ಮಾಹಿತಿ ಪತ್ರವನ್ನು ಗ್ರಾಹಕನು ಬಯಸಿದರೆ ಸ್ಥಳೀಯ ಭಾಷೆಯಲ್ಲಿಯೇ ಕೊಡಬೇಕೆಂಬ ನಿಯಮವಿದೆ. ಕನ್ನಡದಲ್ಲಿ ಕೊಡಿರೆಂದು ಕೇಳಲು ಸಂಕೋಚವೇಕೆ? ಅನ್ಯಾಯವಾಯಿತೆಂದು ತೋರಿದರೆ ಮೊದಲು ಕಂಪನಿಗೆ ದೂರು ಕೊಟ್ಟು, ಅಲ್ಲಿ ನ್ಯಾಯ ಸಿಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರಿಗೆ ಬರೆಯಬಹುದು. ಶುಲ್ಕವಿಲ್ಲ; ವಕೀಲರೂ ಬೇಕಿಲ್ಲ.

ಕಾಲೇಜುಗಳಿಗೂ ಒಂದು ಮಾತು. ವಿದ್ಯಾರ್ಥಿಗಳನ್ನು ಹಿಮಾಲಯಕ್ಕೆ ಕರೆದೊಯ್ಯುವಾಗ ಪಾಲಕರ ಒಪ್ಪಿಗೆಯ ಸಹಿಯನ್ನು ಪಡೆಯುತ್ತಾರಷ್ಟೆ. ಆ ಸಹಿಯ ಜೊತೆಗೆ ಮೇಲಿನ ಮೂರು ಪ್ರಶ್ನೆಗಳ ಉತ್ತರವನ್ನೂ ಪಾಲಕರ ಕೈಗೆ ಕೊಡುವ ಪದ್ಧತಿ ಬರಬೇಕು. ಗಣಿತದ ತರಗತಿಯಲ್ಲಿ ಸಂಭಾವ್ಯತೆಯ ಪಾಠಕ್ಕೆ ದಾಳ, ನಾಣ್ಯಗಳನ್ನಷ್ಟೇ ಉರುಳಿಸದೆ ಒಂದು ವಿಮಾಪತ್ರವನ್ನೂ ಬಿಡಿಸಿ ಓದಿಸಲಿ. ದಾಳವನ್ನು ವಿದ್ಯಾರ್ಥಿಗಳು ಪರೀಕ್ಷೆ ಮುಗಿದ ಮರುದಿನ ಮರೆತಾರು. ವಿಮಾಪತ್ರವು ಅವರಿಗೆ ಜೀವನದುದ್ದಕ್ಕೂ ಬೇಕಾಗುತ್ತದೆ.