ಸಾಕೆಟ್ ಹೋದರೆ ಲ್ಯಾಪ್‌ಟಾಪೇ ಹೋಯಿತೇ?

ಪಂಪಿನ ಸೀಲು ಹೋಯಿತೆಂದು ಯಾರೂ ಪಂಪನ್ನೇ ಗುಜರಿಗೆ ಹಾಕುವುದಿಲ್ಲ. ಬುಶ್, ಬೇರಿಂಗ್, ಕೆಪಾಸಿಟರ್ ಎಲ್ಲ ಬಿಡಿಯಾಗಿ ಸಿಗುತ್ತವೆ. ಹಾಕಿಕೊಡುವವರೂ ಇದ್ದಾರೆ. ತೋಟದ ಲೆಕ್ಕ ಬರೆಯುವ ಲ್ಯಾಪ್‌ಟಾಪಿಗೆ ಮಾತ್ರ ಈ ನ್ಯಾಯ ಯಾಕಿಲ್ಲ?

ಆಯನೂರಿನ ನಮ್ಮ ಮನೆಯ ಲ್ಯಾಪ್‌ಟಾಪಿಗೆ ಐದು ವರ್ಷ. ಆಳಿನ ಲೆಕ್ಕ, ಅಡಿಕೆ ಮಾರಿದ ಲೆಕ್ಕ, ಮಗಳ ಓದು ಎಲ್ಲ ಅದರಲ್ಲೇ. ಕಳೆದ ಮಳೆಗಾಲದಲ್ಲಿ ಚಾರ್ಜ್ ಆಗುವುದು ನಿಂತಿತು. ವಯರನ್ನು ಒಂದು ಬದಿಗೆ ಒತ್ತಿ ಹಿಡಿದರೆ ದೀಪ ಹತ್ತುತ್ತದೆ, ಬಿಟ್ಟರೆ ಇಲ್ಲ. ಪಂಪಿನ ಸ್ಟಾರ್ಟರ್ ನೋಡಲು ಇಟ್ಟುಕೊಂಡ ಮೀಟರಿನಲ್ಲಿ ಚಾರ್ಜರ್ ಪರೀಕ್ಷಿಸಿದೆ. ಅದರ ಮೇಲೆ ಬರೆದಂತೆ 19 ವೋಲ್ಟ್ ಸರಿಯಾಗಿಯೇ ಬರುತ್ತಿತ್ತು. ಅಂದರೆ ಕಾಯಿಲೆ ಒಳಗಿನ ಸಾಕೆಟ್ಟಿನದು.

ಶಿವಮೊಗ್ಗದ ಒಂದು ಸರ್ವೀಸ್ ಸೆಂಟರಿಗೆ ಒಯ್ದೆ. 'ಸಾಕೆಟ್ ಬೇರೆ ಬರೋದಿಲ್ಲ ಸಾರ್, ಮದರ್‌ಬೋರ್ಡೇ ಬದಲಾಯಿಸಬೇಕು. ಅದರ ಬದಲು ಹೊಸತೇ ತಗೊಳ್ಳಿ' ಅಂದರು. ಉಗುರಿನಷ್ಟು ಭಾಗಕ್ಕೆ ಇಡೀ ಬೋರ್ಡು! ಸಿಂಗಾರ ಒಣಗಿತೆಂದು ಮರವನ್ನೇ ಕಡಿದ ಹಾಗಾಯಿತು.

ಅದೇ ಪೇಟೆಯ ಸಣ್ಣ ಅಂಗಡಿಯ ಹುಡುಗನೊಬ್ಬ ನನ್ನೆದುರೇ ಬಿಚ್ಚಿದ. ಬೋರ್ಡಿಗೆ ಏನೂ ಆಗಿರಲಿಲ್ಲ. ಸಾಕೆಟ್ಟಿನ ಕಾಲುಗಳ ಬೆಸುಗೆ ಬಿಟ್ಟಿತ್ತು, ನಡುವಿನ ಪಿನ್ನು ವಾಲಿತ್ತು, ಅಷ್ಟೆ. ಹಳೆಯದನ್ನು ಬಿಸಿ ಮಾಡಿ ಎಬ್ಬಿಸಿ ಹೊಸದನ್ನು ಬೆಸೆದ. ಸಂಜೆಯೊಳಗೆ ಲ್ಯಾಪ್‌ಟಾಪ್ ಕೈಗೆ ಬಂತು. ಖರ್ಚು ಕೊನೆಗಾರನ ಒಂದು ದಿನದ ಮಜೂರಿಗಿಂತ ಕಡಿಮೆ.

ಕೆಲವು ಮಾದರಿಗಳಲ್ಲಿ ಈ ಸಾಕೆಟ್ ಗಿಡ್ಡ ವಯರಿನ ತುದಿಯಲ್ಲಿರುತ್ತದೆ. ಸ್ಕ್ರೂ ಬಿಚ್ಚಿ, ವಯರ್ ಕಳಚಿ ಬೇರೆಯದನ್ನು ಸಿಕ್ಕಿಸಿದರೆ ಆಯಿತು. ಇನ್ನು ಕೆಲವದರಲ್ಲಿ ಬೋರ್ಡಿಗೇ ಬೆಸೆದಿರುತ್ತಾರೆ. ವಯರ್ ಎಳೆದಾಗಲೆಲ್ಲ ಭಾರ ಬೆಸುಗೆಯ ಮೇಲೆ ಬೀಳುತ್ತದೆ. ಇಂಥದ್ದನ್ನು ಮನೆಯ ಬೆಸುಗೆ ಕಡ್ಡಿಯಲ್ಲಿ ಕೆದಕಲು ಹೋಗಬೇಡಿ, ಬೋರ್ಡಿನ ತಾಮ್ರದ ಗೆರೆ ಕಿತ್ತು ಬಂದೀತು. ಸಡಿಲವಾದ ಮೇಲೆ ಒತ್ತಿ ಹಿಡಿದು ದಿನ ದೂಡುವುದೂ ಬೇಡ. ಕಿಡಿ ಹಾರಿ ಬಿಸಿಯಾಗಿ ಸುಟ್ಟರೆ ಆಗ ನಿಜಕ್ಕೂ ಬೋರ್ಡೇ ಹೋಗುತ್ತದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ 'ರಿಪೇರಿ ಹಕ್ಕಿ'ಗಾಗಿ ಸಮಿತಿ ಮಾಡಿತು. ಅದು ಆರಿಸಿಕೊಂಡ ವಿಭಾಗಗಳಲ್ಲಿ ಮೊಬೈಲ್, ವಾಹನಗಳ ಜತೆ ಕೃಷಿ ಯಂತ್ರಗಳೂ ಇವೆ. ಅದೇ ಡಿಸೆಂಬರಿನಲ್ಲಿ ಜಾಲತಾಣವೂ ಬಂತು. ಒಳ್ಳೆಯದೇ. ಆದರೆ ಜಾಲತಾಣ ತೆರೆದ ಮಾತ್ರಕ್ಕೆ ಅಂಗಡಿಗೆ ಬಿಡಿಭಾಗ ಬರುವುದಿಲ್ಲ ಮಾರಾಯರೇ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನನ್ನೇ ಮಾಡಿತು: ಕೃಷಿ ಯಂತ್ರ ತಯಾರಿಸುವವರು ಬಿಡಿಭಾಗ, ಕೈಪಿಡಿ, ತಂತ್ರಾಂಶಗಳನ್ನು ರೈತರಿಗೂ ಹೊರಗಿನ ಮೆಕ್ಯಾನಿಕ್‌ಗೂ ಕೊಡಲೇಬೇಕು. 2024ರ ಜನವರಿಯಿಂದ ಅದು ಜಾರಿಯಲ್ಲಿದೆ. ನಮಗೂ ಬೇಕಾದ್ದು ಇಂಥದ್ದೇ, ಅದೂ ಲ್ಯಾಪ್‌ಟಾಪನ್ನು ಸೇರಿಸಿ.

ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರಿನಲ್ಲೂ ಇಂಥ ಚಾರ್ಜಿಂಗ್ ಸಾಕೆಟ್ ಇದೆ. ಕೊಳ್ಳುವ ಮೊದಲೇ 'ಸಾಕೆಟ್ ಬೇರೆ ಸಿಗುತ್ತದಾ?' ಎಂದು ಅಂಗಡಿಯವರನ್ನು ಕೇಳಿ. ನಿಮ್ಮ ಪೇಟೆಯಲ್ಲಿ ಇದನ್ನು ಬದಲಿಸಿಕೊಡುವವರಿದ್ದರೆ ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಿ.