ಮೊಸಳೆ ಎಮೋಜಿ ಒತ್ತುವ ಮುನ್ನ

ಹೊಯ್ಸಳರ ಕಾಲದ ನಾಗೇಶ್ವರ, ಚೆನ್ನಕೇಶವ ಜೋಡಿ ಗುಡಿಗಳಿರುವ ಹಾಸನ ತಾಲ್ಲೂಕಿನ ಮೊಸಳೆ ನಮ್ಮೂರು. ವಾಟ್ಸ್‌ಆ್ಯಪ್‌ನಲ್ಲಿ ಊರ ಹುಡುಗರಿಗೆಲ್ಲ ಮೊಸಳೆ ಎಮೋಜಿಯೇ ಊರಿನ ಬೋರ್ಡು. ಆ ಚಿತ್ರದ ಪಕ್ಕ ಒಂದು ಪ್ರಶ್ನೆ ಗುರುತು ಹಾಕಿದರೆ 'ಹಬ್ಬಕ್ಕೆ ಊರಿಗೆ ಬರ್ತೀಯಾ?' ಎಂದರ್ಥ.

ಕಾಲೇಜಿನ ಗ್ರೂಪಿನಲ್ಲಿ ಅದೇ ಚಿತ್ರ 'ಮೊಸಳೆ ಕಣ್ಣೀರು' ಆಗುತ್ತದೆ. ಚುನಾವಣೆ ಹೊತ್ತಿನಲ್ಲಿ ಅಳುವ ನಾಯಕರ ವಿಡಿಯೊ ಬಂದರೆ ಸಾಲು ಸಾಲು ಮೊಸಳೆಗಳು. ಅಲ್ಲಿಯವರೆಗೆ ತಮಾಷೆಯೇ. ಆದರೆ ಕ್ಯಾಂಪಸ್ ಸಂದರ್ಶನದ ಕೊನೆಯ ಸುತ್ತಿನಲ್ಲಿ ಕೈತಪ್ಪಿದ ಗೆಳೆಯನೊಬ್ಬ 'ಮನೇಲಿ ಏನಂತ ಹೇಳಲಿ?' ಎಂದು ಬರೆದಾಗಲೂ ಉತ್ತರವಾಗಿ ಬಂದದ್ದು ಮೊಸಳೆಯೇ. ಆಮೇಲೆ ಅವನು ಗ್ರೂಪಿನಲ್ಲಿ ಒಂದಕ್ಷರವೂ ಬರೆಯಲಿಲ್ಲ.

2010ರಲ್ಲಿ ಯೂನಿಕೋಡ್ ಪಟ್ಟಿಗೆ ಸೇರಿದಾಗ ಈ ಚಿತ್ರಕ್ಕಿದ್ದ ಹೆಸರು 'ಕ್ರೊಕೊಡೈಲ್' ಎಂದಷ್ಟೇ. ಊರೆಂಬ ಅರ್ಥವನ್ನೂ ಅಣಕವೆಂಬ ಅರ್ಥವನ್ನೂ ತುಂಬಿದವರು ನಾವು. ಮೊಸಳೆಗೆ ಕಣ್ಣೀರು ಬರುವುದಂತೂ ನಿಜ; ಅದು ಕಣ್ಣು ಒಣಗದಂತೆ ಕಾಯುವ ನೀರು. ಹಿಡಿದ ಬೇಟೆಗಾಗಿ ಮರುಗಿದಂತೆ ನಟಿಸುತ್ತದೆ ಎಂಬುದು ಮನುಷ್ಯರು ಕಟ್ಟಿದ ಕತೆ. ಮೂಕಪ್ರಾಣಿಯ ಕಣ್ಣೀರಿಗೇ ಇಲ್ಲದ ಅರ್ಥ ಹಚ್ಚಿದವರು, ಮುಖವೇ ಕಾಣದ ಪರದೆಯ ಮೇಲೆ ಗೆಳೆಯನ ಅಳು ನಾಟಕವೆಂದು ತೀರ್ಪು ಕೊಡುವುದು ಎಷ್ಟು ಸರಿ?

ಕೆಲಸ ಹುಡುಕುವ ದಿನಗಳಲ್ಲಿ ನಮ್ಮಲ್ಲಿ ಯಾರು ಯಾವಾಗ ಕುಸಿಯುತ್ತೇವೋ ಗೊತ್ತಿಲ್ಲ. ಅಂಥ ಮೆಸೇಜ್ ಬಂದಾಗ ಎಮೋಜಿ ಹುಡುಕುವ ಬದಲು ಒಂದು ಫೋನ್ ಮಾಡಿ. ಬುದ್ಧಿಮಾತು ಬೇಡ. 'ಊಟ ಆಯ್ತಾ ಮಗಾ?' ಎಂದರೂ ಸಾಕು, ಉಳಿದದ್ದನ್ನು ಅವನೇ ಹೇಳಿಕೊಳ್ಳುತ್ತಾನೆ.