ಹುಲ್ಲುಹಾಸಿನಲ್ಲಿ ಜೇಕು: ಯಜಮಾನರು ಆಲೋಚಿಸತಕ್ಕ ಒಂದು ವಿಷಯ

ಮನೆಯ ಮುಂದೆ ಗರಿಕೆಯ ಹುಲ್ಲುಹಾಸನ್ನು ಬೆಳೆಸುವ ರೂಢಿಯು ಈಗ ಪಟ್ಟಣಗಳಿಗೆ ಮಾತ್ರವೇ ಸೇರಿದುದಲ್ಲ. ಗ್ರಾಮಗಳಲ್ಲಿಯೂ ಅನುಕೂಲವಂತರ ಮನೆಯಂಗಳಗಳಲ್ಲಿ, ಶಾಲೆಗಳ ಮುಂದೆ, ಪಂಚಾಯಿತಿಯ ಕಟ್ಟಡಗಳ ಸುತ್ತ, ದೇವಸ್ಥಾನಗಳ ಉದ್ಯಾನಗಳಲ್ಲಿ ಹಸುರು ಹಾಸು ಕಾಣಬರುತ್ತದೆ. ಇದು ಸಂತೋಷದ ಸಂಗತಿಯೇ ಸರಿ. ಧೂಳು ಅಡಗುತ್ತದೆ, ಮಳೆಯ ನೀರಿಗೆ ಮಣ್ಣು ಕೊಚ್ಚಿಹೋಗುವುದು ತಪ್ಪುತ್ತದೆ, ಕಣ್ಣಿಗೂ ತಂಪು. ಆದರೆ ಈ ಹಾಸುಗಳಲ್ಲಿ ಹತ್ತಕ್ಕೆ ಹಲವನ್ನು ಹತ್ತಿರದಿಂದ ನೋಡಿದರೆ ಗರಿಕೆಯ ನಡುವೆ ಇನ್ನೊಂದು ಗಿಡವು ತಲೆಯೆತ್ತಿ ನಿಂತಿರುವುದು ತಿಳಿಯುತ್ತದೆ. ಅದೇ ಜೇಕು. ಕೆಲವು ಕಡೆ ಇದನ್ನು ತುಂಗೆಹುಲ್ಲು ಎಂದೂ ಕೊನ್ನಾರಿ ಎಂದೂ ಕರೆಯುತ್ತಾರೆ. ಇದರ ಗೆಡ್ಡೆಯೇ ಪಂಡಿತರ ಅಂಗಡಿಯಲ್ಲಿ ಭದ್ರಮುಷ್ಟಿಯೆಂಬ ಹೆಸರಿನಿಂದ ದೊರೆಯುವುದು.

ವ್ಯವಸಾಯದ ಪತ್ರಿಕೆಯಲ್ಲಿ ಅಂಗಳದ ಹುಲ್ಲಿನ ವಿಚಾರವೇಕೆ ಎಂದು ವಾಚಕರು ಕೇಳಬಹುದು. ಅಂಗಳದಲ್ಲಿ ನೆಲೆಸಿದ ಜೇಕು ಅಂಗಳದಲ್ಲಿಯೇ ನಿಲ್ಲುವುದಿಲ್ಲವೆಂಬುದೇ ಇದಕ್ಕೆ ಉತ್ತರ. ಕಬ್ಬು, ತರಕಾರಿ, ಅರಿಸಿನ, ಮುಸುಕಿನ ಜೋಳ ಮೊದಲಾದ ಬೆಳೆಗಳಲ್ಲಿ ಒಕ್ಕಲಿಗನನ್ನು ಕಾಡುವ ಕಳೆಯೂ ಇದೇ ಆಗಿದೆ. 1977ರಲ್ಲಿ ಲೆರಾಯ್ ಹೋಮ್ ಎಂಬ ವಿದ್ವಾಂಸರು ತಮ್ಮ ಸಹೋದ್ಯೋಗಿಗಳೊಡನೆ ಪ್ರಪಂಚದ ಕಳೆಗಳನ್ನೆಲ್ಲ ಪರಿಶೀಲಿಸಿ ಬರೆದ ಗ್ರಂಥದಲ್ಲಿ ಅತ್ಯಂತ ಕೆಟ್ಟ ಕಳೆಗಳ ಪಟ್ಟಿಯ ಮೊದಲನೆಯ ಸ್ಥಾನವನ್ನು ಜೇಕಿಗೆ ಕೊಟ್ಟರು. ಅದು 92 ದೇಶಗಳಲ್ಲಿ, 52 ಬೆಳೆಗಳಲ್ಲಿ ಕಳೆಯಾಗಿರುವುದೆಂದು ಅದರಲ್ಲಿ ನಮೂದಿಸಿದೆ. ಇಂತಹ ಶತ್ರುವನ್ನು ಮನೆಯ ಮುಂದೆ ನೀರೆರೆದು ಸಾಕುವುದು ವಿವೇಕವಲ್ಲ.

ಮೊದಲು ಗುರುತು ತಿಳಿಯಬೇಕು. ಜೇಕು ನೋಡುವುದಕ್ಕೆ ಹುಲ್ಲಿನಂತಿದ್ದರೂ ಹುಲ್ಲಿನ ಜಾತಿಗೆ ಸೇರಿದುದಲ್ಲ. ಹೂವಿನ ದಂಟನ್ನು ಎರಡು ಬೆರಳುಗಳ ನಡುವೆ ಹೊರಳಿಸಿ ನೋಡಿದರೆ ಸಾಕು: ಗರಿಕೆಯ ಕಡ್ಡಿ ಗುಂಡಾಗಿ ಉರುಳುತ್ತದೆ, ಜೇಕಿನ ದಂಟಿಗೆ ಮೂರು ಏಣುಗಳಿರುವುದರಿಂದ ತಡೆತಡೆದು ಹೊರಳುತ್ತದೆ. ಗರಿಕೆಯ ಕಡ್ಡಿಯಲ್ಲಿ ಗಿಣ್ಣುಗಳುಂಟು, ಜೇಕಿನ ದಂಟಿನಲ್ಲಿ ಇಲ್ಲ. ಗರಿಕೆಯ ಎಲೆಗಳು ಎರಡು ಸಾಲಾಗಿಯೂ ಜೇಕಿನವು ಬುಡದಿಂದ ಮೂರು ಸಾಲಾಗಿಯೂ ಹೊರಡುತ್ತವೆ. ಜೇಕಿನ ಎಲೆ ದಟ್ಟ ಹಸುರು, ಹೊಳಪುಳ್ಳದ್ದು; ಹೂಗೊಂಚಲು ಕಂದುಗೆಂಪು ಬಣ್ಣದ್ದು. ಇಷ್ಟನ್ನು ನೋಡುವ ವ್ಯವಧಾನವಿಲ್ಲದವರು ಹುಲ್ಲನ್ನು ಸಮನಾಗಿ ಕತ್ತರಿಸಿದ ಮೂರನೆಯ ನಾಲ್ಕನೆಯ ದಿನ ಹಾಸನ್ನು ನೋಡಲಿ. ಗರಿಕೆಯ ಮಟ್ಟವನ್ನು ಮೀರಿ ಎದ್ದು ನಿಂತಿರುವುದು ಬಹುಮಟ್ಟಿಗೆ ಜೇಕೇ ಆಗಿರುತ್ತದೆ.

ಇನ್ನು ಅದರ ಬಲವೆಲ್ಲಿದೆಯೆಂಬುದನ್ನು ಅರಿಯಬೇಕು. ಜೇಕು ಬೀಜದಿಂದ ಹಬ್ಬುವುದು ಬಹಳ ಅಪರೂಪ. ಅದರ ಸಂಪತ್ತೆಲ್ಲವೂ ನೆಲದೊಳಗಿನ ಗೆಡ್ಡೆಗಳಲ್ಲಿದೆ. ತಂತಿಯಂತಹ ಸಣ್ಣ ಬೇರುಕಾಂಡಗಳಿಂದ ಒಂದಕ್ಕೊಂದು ಪೋಣಿಸಿಕೊಂಡು, ಜಪಮಣಿಯ ಸರದಂತೆ ಈ ಗೆಡ್ಡೆಗಳು ಮಣ್ಣಿನಲ್ಲಿ ಹರಡಿರುತ್ತವೆ. ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲಿದ್ದರೂ ಕೆಲವು ಒಂದು ಅಡಿಯ ಆಳದವರೆಗೆ ಹೋಗಿರುವುದುಂಟು. ಸರದಲ್ಲಿರುವ ಎಲ್ಲ ಗೆಡ್ಡೆಗಳೂ ಒಮ್ಮೆಗೇ ಮೊಳೆಯುವುದಿಲ್ಲ. ತುದಿಯದು ಮೊಳೆತು ಬೆಳೆಯುತ್ತಿರುವವರೆಗೆ ಉಳಿದವು ಹೆಚ್ಚಾಗಿ ನಿದ್ರೆಯಲ್ಲಿರುತ್ತವೆ. ಸರವು ತುಂಡಾಯಿತೆಂದರೆ ಆ ನಿದ್ರೆ ತಿಳಿದು ಪ್ರತಿಯೊಂದು ಗೆಡ್ಡೆಯೂ ತನ್ನ ಮೊಳಕೆಯನ್ನು ಕಳುಹಿಸುತ್ತದೆ. ಒಂದು ಗಿಡವಿದ್ದ ಜಾಗದಲ್ಲಿ ಹತ್ತು ಗಿಡಗಳು ಕಾಣುವುದು ಈ ಕಾರಣದಿಂದಲೇ.

ಈ ಸ್ವಭಾವವನ್ನು ಬಲ್ಲವರಿಗೆ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವ ಕಳೆ ಕೀಳುವ ಕ್ರಮದ ದೋಷವು ತಾನಾಗಿಯೇ ತಿಳಿಯುವುದು. ಯುಗಾದಿಗೆ ಒಮ್ಮೆ, ಊರಹಬ್ಬಕ್ಕೆ ಒಮ್ಮೆ, ಮನೆಯಲ್ಲಿ ಶುಭಕಾರ್ಯವಿದ್ದರೆ ಮತ್ತೊಮ್ಮೆ, ಹತ್ತು ಆಳುಗಳನ್ನು ಕೂಡಿಸಿ ಅಂಗಳದ ಜೇಕನ್ನೆಲ್ಲ ಕೀಳಿಸುತ್ತೇವೆ. ಸಂಜೆಗೆ ಹಾಸು ಅಚ್ಚುಕಟ್ಟಾಗಿ ಕಾಣುತ್ತದೆ. ಯಜಮಾನರಿಗೂ ತೃಪ್ತಿ, ಆಳುಗಳಿಗೂ ಕೂಲಿ. ಆದರೆ ಕಿತ್ತು ಬಂದದ್ದು ಎಲೆ ಮಾತ್ರ. ಗೆಡ್ಡೆ ನೆಲದಲ್ಲಿಯೇ ಉಳಿದಿದೆ. ಹದಿನೈದು ದಿನಗಳೊಳಗೆ ಅದು ಮತ್ತೆ ಚಿಗುರಿ, ಮುಂದಿನ ಹಬ್ಬದ ವೇಳೆಗೆ ಹಿಂದಿನದಕ್ಕಿಂತ ಹೆಚ್ಚು ಗೆಡ್ಡೆಗಳನ್ನು ಕೂಡಿಹಾಕಿರುತ್ತದೆ. ಕೊಟ್ಟ ಕೂಲಿಯೆಲ್ಲವೂ ಎಲೆಗೆ ಸಂದಿತೇ ಹೊರತು ಗೆಡ್ಡೆಗೆ ಒಂದು ಕಾಸೂ ತಗಲಲಿಲ್ಲ. ಆಳುಗಳನ್ನು ದೂರುವುದರಿಂದ ಪ್ರಯೋಜನವಿಲ್ಲ. ಬಿಸಿಲಿನಲ್ಲಿ ಬೆನ್ನು ಬಾಗಿಸಿ ಕೀಳುವ ಹೆಣ್ಣುಮಕ್ಕಳು ಹೇಳಿದ ಕೆಲಸವನ್ನು ಮಾಡಿದ್ದಾರೆ. ತಪ್ಪಿರುವುದು ಹೇಳಿದ ಕೆಲಸದಲ್ಲಿ. ಆದುದರಿಂದ ಬದಲಾಗಬೇಕಾದುದು ಯಜಮಾನರ ಅಪ್ಪಣೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಏನೆಂದು ಬದಲಾಗಬೇಕು? ಇದಕ್ಕೆ ಉತ್ತರವು ಗೆಡ್ಡೆಯ ಲೆಕ್ಕದಲ್ಲಿಯೇ ಇದೆ. ಮೊಳಕೆಯು ಮೇಲೆ ಬಂದ ಮೇಲೆ ಹೊಸ ಗೆಡ್ಡೆ ಕಟ್ಟುವುದಕ್ಕೆ ಸುಮಾರು ಮೂರು ವಾರಗಳಿಂದ ಆರು ವಾರಗಳು ಹಿಡಿಯುತ್ತವೆ. ಆ ವರೆಗೆ ಗಿಡವು ಹಳೆಯ ಗೆಡ್ಡೆಯ ಬುತ್ತಿಯನ್ನು ಉಂಡು ಬೆಳೆಯುತ್ತಿರುತ್ತದೆ. ಮೂರು ವಾರ ತುಂಬುವುದರೊಳಗೆ ಅದನ್ನು ತೆಗೆದುಬಿಟ್ಟರೆ ಬುತ್ತಿ ಖರ್ಚಾಯಿತು, ಸಂಪಾದನೆ ಆಗಲಿಲ್ಲ. ಹೀಗೆಯೇ ಬಿಡದೆ ನಡೆಸಿದರೆ ಗೆಡ್ಡೆಯು ಬರಿದಾಗಿ ಸಾಯಲೇಬೇಕು. ಅಮೆರಿಕದ ಅಲಬಾಮಾ ಸಂಸ್ಥಾನದಲ್ಲಿ 1930ರ ದಶಕದಲ್ಲಿ ಇದೇ ತತ್ತ್ವವನ್ನು ಹೊಲಗಳಲ್ಲಿ ಪರೀಕ್ಷಿಸಿದರು. ಮೂರು ವಾರಗಳನ್ನು ಮೀರದ ಅಂತರದಲ್ಲಿ ಎರಡು ಬೆಳೆಗಾಲಗಳ ಕಾಲ ಉಳುಮೆ ಮಾಡಿದಲ್ಲಿ ಜೇಕು ನಿರ್ಮೂಲವಾಗುವ ಸ್ಥಿತಿಗೆ ಬಂದಿತು. ಆದಕಾರಣ ಹಬ್ಬಕ್ಕೊಮ್ಮೆ ಹತ್ತು ಆಳುಗಳನ್ನು ಇಡುವುದಕ್ಕಿಂತ, ಇಪ್ಪತ್ತು ದಿನಗಳಿಗೊಮ್ಮೆ ತಪ್ಪದೆ ಒಂದು ಆಳನ್ನು ಇಡುವುದು ಮೇಲು. ವರ್ಷಕ್ಕೆ ಹದಿನೆಂಟು ಸಲ, ಎರಡು ವರ್ಷ. ಒಂದು ಸಲ ತಪ್ಪಿದರೂ ಗೆಡ್ಡೆಯು ಮತ್ತೆ ಬುತ್ತಿ ಕಟ್ಟಿಕೊಳ್ಳುವುದರಿಂದ, ಈ ಕೆಲಸದ ದಿನಗಳನ್ನು ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.

ಜೇಕು ಒಂದೆರಡು ಕಡೆ ಮಾತ್ರ ಗುಂಪಾಗಿ ಇದ್ದರೆ ಇದಕ್ಕಿಂತ ಬೇಗನೆ ಮುಗಿಯುವ ಉಪಾಯವುಂಟು. ಗುಂಪಿನ ಸುತ್ತ ಒಂದು ಅಡಿಯಷ್ಟು ಹೆಚ್ಚಾಗಿ ಗೆರೆಯನ್ನೆಳೆದು, ಒಂದು ಅಡಿಯ ಆಳಕ್ಕೆ ಮಣ್ಣನ್ನು ಅಗೆದು, ಜರಡಿಯಲ್ಲಿ ಹಾಯಿಸಿ ಗೆಡ್ಡೆಗಳನ್ನು ಆರಿಸಬೇಕು. ಹೀಗೆ ತೆಗೆದ ಗೆಡ್ಡೆಗಳನ್ನು ತಿಪ್ಪೆಗೆ ಹಾಕಬಾರದು. ಗೊಬ್ಬರದೊಡನೆ ಅವು ಹೊಲಕ್ಕೆ ಸವಾರಿ ಹೊರಡುವುವು. ಬೇಸಗೆಯ ಬಿಸಿಲಿನಲ್ಲಿ ಬಂಡೆಯ ಮೇಲೆ ತೆಳುವಾಗಿ ಹರಡಿ ಎರಡು ವಾರ ಒಣಗಿಸಿ, ಅನಂತರ ಸುಟ್ಟುಬಿಡುವುದು ಕ್ಷೇಮ. ಬಗೆದ ಜಾಗದಲ್ಲಿ ಎರಡು ತಿಂಗಳು ಕಾದು, ಮತ್ತೆ ಮೊಳಕೆ ಬಾರದಿದ್ದರೆ ಗರಿಕೆಯನ್ನು ನಾಟಿ ಮಾಡಬಹುದು.

ಗರಿಕೆಯನ್ನು ಬಲಪಡಿಸುವುದೂ ಇದರಷ್ಟೇ ಮುಖ್ಯ. ಜೇಕಿಗೆ ಬಿಸಿಲು ಬೇಕು. ನೆರಳಿನಲ್ಲಿ ಅದು ಸೊರಗುತ್ತದೆ. ಹುಲ್ಲನ್ನು ಚರ್ಮ ಕಾಣುವಂತೆ ಬೋಳಿಸಿದರೆ ಬಿಸಿಲು ನೆಲಕ್ಕೆ ಬಿದ್ದು ಜೇಕಿಗೆ ಅನುಕೂಲವಾಗುವುದು. ಒಂದೂವರೆ ಎರಡು ಅಂಗುಲ ಎತ್ತರವನ್ನು ಉಳಿಸಿ ಕತ್ತರಿಸಿ, ತಕ್ಕಷ್ಟು ಗೊಬ್ಬರವನ್ನು ಕೊಟ್ಟು, ನೀರು ನಿಲ್ಲುವ ತಗ್ಗುಗಳನ್ನು ಮಟ್ಟಮಾಡಿದರೆ ಗರಿಕೆಯು ದಟ್ಟವಾಗಿ ಹೆಣೆದುಕೊಂಡು ತಾನೇ ಕಾವಲು ಕಾಯುವುದು. ದಿನವೂ ನೀರು ಹನಿಸುವ ಅಭ್ಯಾಸವು ಗರಿಕೆಗಿಂತ ಜೇಕಿಗೇ ಹೆಚ್ಚು ಉಪಕಾರಿ.

ಕಳೆನಾಶಕ ಔಷಧಗಳ ವಿಚಾರದಲ್ಲಿ ಎಚ್ಚರಿಕೆ ಅಗತ್ಯ. 2,4-ಡಿ ಎಂಬುದು ಜೇಕಿನ ಎಲೆಯನ್ನು ಬಾಡಿಸಬಹುದು; ನಿದ್ರೆಯಲ್ಲಿರುವ ಗೆಡ್ಡೆಗಳನ್ನು ಮುಟ್ಟುವುದಿಲ್ಲ. ಗ್ಲೈಫೊಸೇಟ್ ಜೇಕಿನೊಡನೆ ಗರಿಕೆಯನ್ನೂ ಕೊಲ್ಲುವುದರಿಂದ ಹುಲ್ಲುಹಾಸಿಗೆ ತಕ್ಕುದಲ್ಲ. ಮೇಲಾಗಿ, ತರಬೇತಾದ ಕೀಟನಿಯಂತ್ರಣದವರ ಹೊರತು ಇತರರು ಅದನ್ನು ಬಳಸಕೂಡದೆಂದು ಭಾರತ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆಜ್ಞೆಯನ್ನು ಹೊರಡಿಸಿತು. ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಎಂಬುದು ಜೇಕಿನ ಗೆಡ್ಡೆಯವರೆಗೆ ಇಳಿಯಬಲ್ಲದು, ಗರಿಕೆಗೆ ಹೆಚ್ಚು ಹಾನಿ ಮಾಡುವುದಿಲ್ಲ. ನಮ್ಮ ದೇಶದಲ್ಲಿ ಕಬ್ಬಿನ ಬೆಳೆಯಲ್ಲಿ ಜೇಕಿನ ಮೇಲೆ ಬಳಸಲು ಅದು ನೋಂದಣಿಯಾಗಿದೆ. ಅದನ್ನು ಅಂಗಳಕ್ಕೆ ತರುವ ಮುನ್ನ ಡಬ್ಬಿಯ ಮೇಲಿನ ಸೂಚನೆಯನ್ನು ಓದಿ, ಇಲಾಖೆಯ ಅಧಿಕಾರಿಗಳ ಸಲಹೆಯನ್ನು ಪಡೆಯತಕ್ಕದ್ದು. ಅದರ ಫಲವು ಎರಡು ಮೂರು ವಾರಗಳ ಮೇಲೆ ಕಾಣುವುದರಿಂದ, ಮರುದಿನವೇ ಒಣಗಲಿಲ್ಲವೆಂದು ಮತ್ತೆ ಸುರಿಯುವುದು ಮೌಢ್ಯ. ಔಷಧವು ಕಾಲಕಾಲದ ಕೆಲಸಕ್ಕೆ ಸಹಾಯಕವಾದೀತೇ ಹೊರತು ಅದರ ಬದಲಿಗೆ ಬಾರದು. ಕೆಲವರು ಉಪ್ಪನ್ನು ಸುರಿಯುವುದುಂಟು. ಇದರಿಂದ ಮಣ್ಣೇ ಕೆಡುತ್ತದೆ.

ಇದೆಲ್ಲಕ್ಕಿಂತಲೂ ಮುಖ್ಯವಾದುದು ಜೇಕು ಊರೊಳಗೆ ಬರುವ ದಾರಿಯನ್ನು ಕಾಯುವುದು. ಅದು ತಾನಾಗಿ ನಡೆದು ಬರುವುದಿಲ್ಲ; ನಾವೇ ಕರೆತರುತ್ತೇವೆ. ಅಂಗಳವನ್ನು ತುಂಬಲು ಹೇರಿದ ಕೆರೆಗೋಡು, ಸಸಿಕ್ಷೇತ್ರದಿಂದ ತಂದ ಕುಂಡದ ಮಣ್ಣು, ಸುರುಳಿಯಾಗಿ ಮಾರುವ ಹುಲ್ಲಿನ ಹಾಸು, ನೆರೆಯವರ ಹೊಲದಲ್ಲಿ ಉತ್ತು ತೊಳೆಯದೆ ಬಂದ ಯಂತ್ರದ ಹಲ್ಲುಗಳು, ಇವೇ ಅದರ ವಾಹನಗಳು. ಅಂಗಳದಿಂದ ಹೊಲಕ್ಕೆ ಹೋಗುವ ದಾರಿಯೂ ಹೀಗೆಯೇ: ಹಾಸಿನಿಂದ ಬಗೆದ ಮಣ್ಣು ಬದುವಿಗೆ ಹೋಗುತ್ತದೆ, ಕಸವು ತಿಪ್ಪೆಗೆ ಹೋಗುತ್ತದೆ, ಮಳೆಯ ನೀರು ಗೆಡ್ಡೆಗಳನ್ನು ಕಾಲುವೆಗೆ ಉರುಳಿಸುತ್ತದೆ. ಯಜಮಾನರ ಅಂಗಳದಲ್ಲಿ ಹುಟ್ಟಿದ ಜೇಕಿಗೆ, ಕಾಲುವೆಯ ಕೆಳಗೆ ಅರ್ಧ ಎಕರೆ ಈರುಳ್ಳಿ ಇಟ್ಟಿರುವ ಬಡ ಒಕ್ಕಲು ಕಳೆಗೂಲಿ ತೆರಬೇಕಾಗುವುದು ನ್ಯಾಯವೆ? ಹೊರಗಿನಿಂದ ಮಣ್ಣನ್ನು ತರುವಾಗ ಎರಡು ಬುಟ್ಟಿಯಷ್ಟನ್ನು ಬೇರೆಯಿಟ್ಟು ಮೂರು ವಾರ ತೇವವಾಗಿಟ್ಟು ನೋಡಿದರೆ, ಅದರಲ್ಲಿ ಗೆಡ್ಡೆಯಿದ್ದಲ್ಲಿ ಬಹುಮಟ್ಟಿಗೆ ಮೊಳಕೆಯೇ ಸಾಕ್ಷಿ ಹೇಳುವುದು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದಕ್ಕಿಂತ ಈ ಮೂರು ವಾರ ಕಾಯುವುದು ಲೇಸು.

ಔಷಧಕ್ಕೆ ಬರುವ ಗಿಡವನ್ನು ಏಕೆ ನಾಶಮಾಡಬೇಕೆಂದು ಆಕ್ಷೇಪಿಸುವವರುಂಟು. ಆಯುರ್ವೇದದಲ್ಲಿ ಮುಸ್ತೆಗೆ ಜ್ವರಕ್ಕೂ ಅಜೀರ್ಣಕ್ಕೂ ಸಲ್ಲುವ ಗೌರವದ ಸ್ಥಾನವಿರುವುದು ನಿಜ. ಕಾಳಿದಾಸನ ಶಾಕುಂತಲದಲ್ಲಿಯೂ ಹಂದಿಗಳು ಮುಸ್ತೆಯನ್ನು ಅಗೆಯುವ ಮಾತು ಬರುತ್ತದೆ. ಆದರೆ ಔಷಧಕ್ಕೆ ಬೇಕಾದ ಗೆಡ್ಡೆಯು ಕೆರೆಯಂಗಳದಲ್ಲಿಯೂ ಹಳ್ಳದ ಬದಿಯಲ್ಲಿಯೂ ಯಥೇಚ್ಛವಾಗಿ ದೊರೆಯುತ್ತದೆ. ನಾವು ಅಂಗಳದಲ್ಲಿ ಉಳಿಸದಿದ್ದರೆ ಅದು ಲೋಕದಿಂದ ಮರೆಯಾದೀತೆಂಬ ಭಯಕ್ಕೆ ಕಾರಣವಿಲ್ಲ.

ಗ್ರಾಮದ ಮುಖ್ಯಸ್ಥರಲ್ಲಿಯೂ ಜಮೀನುದಾರರಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ. ತಮ್ಮ ಮನೆಯ ಅಂಗಳವನ್ನೇ ಊರಿನ ಮೊದಲನೆಯ ಪ್ರಯೋಗಕ್ಷೇತ್ರವನ್ನಾಗಿ ಮಾಡಿಕೊಳ್ಳಬೇಕು. ಶಾಲೆಯ ಮತ್ತು ದೇವಸ್ಥಾನದ ಹಾಸುಗಳಿಗೂ ಇದೇ ಇಪ್ಪತ್ತು ದಿನಗಳ ಕ್ರಮವನ್ನು ಅನ್ವಯಿಸಬೇಕು. ಕೆರೆಗೋಡನ್ನು ಹಂಚುವ ಮುನ್ನ ಅದರಲ್ಲಿ ಗೆಡ್ಡೆಯಿದೆಯೇ ಎಂದು ಪರೀಕ್ಷಿಸುವ ಕಟ್ಟುಪಾಡನ್ನು ಊರಿನಲ್ಲಿ ತರಬೇಕು. ಕಳೆ ತೆಗೆಯುವ ದಿನ ಸಂಜೆ ಕಿತ್ತ ಹುಲ್ಲಿನ ರಾಶಿಯನ್ನು ನೋಡಿ ಸಂತೋಷಪಡದೆ, ರಾಶಿಯಲ್ಲಿ ಗೆಡ್ಡೆಗಳೆಷ್ಟು ಬಂದಿವೆಯೆಂದು ಎಣಿಸುವ ಅಭ್ಯಾಸವನ್ನು ಬೆಳೆಸಿಕೊಳ್ಳಬೇಕು. ಯಜಮಾನರು ಗೆಡ್ಡೆಯನ್ನು ಎಣಿಸತೊಡಗಿದರೆ ಆಳುಗಳು ಗೆಡ್ಡೆಯನ್ನು ತೆಗೆಯತೊಡಗುವರು. ಜೇಕು ಮಣಿಯುವುದು ಆಗಲೇ.